ನೋವಿಲ್ಲದೆ ದೃಷ್ಟಿ ಹೋದರೆ ಅಂದೇ ಹೊರಡಿ

(ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನೇತ್ರ ತಜ್ಞರು ನೀಡಿದ ಉಪನ್ಯಾಸದ ಬರಹ ರೂಪ)



ತಮ್ಮ ಸಭೆಗಳಲ್ಲಿ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಹಸಿರು ಮೇವು, ಖನಿಜ ಮಿಶ್ರಣ ಇಂಥ ವಿಷಯಗಳ ಮೇಲೆ ಉಪನ್ಯಾಸ ನಡೆಯುವುದು ವಾಡಿಕೆ. ಇಂದು ದನಕರುಗಳನ್ನು ಬಿಟ್ಟು, ಅವುಗಳನ್ನು ಸಾಕುವ ಮನೆಯ ಹಿರಿಯರ ಕಣ್ಣಿನ ಬಗ್ಗೆ ಮಾತನಾಡಲು ನನಗೆ ಅವಕಾಶ ಕೊಟ್ಟಿದ್ದೀರಿ. ನಸುಕಿನಲ್ಲಿ ಎದ್ದು ಕೊಟ್ಟಿಗೆ ಬಳಿಯುವವರು, ಹಿಂಡುವವರು, ಹಾಲಿನ ಪಾತ್ರೆ ಹಿಡಿದು ಡೇರಿಯ ಮುಂದೆ ಸರದಿ ನಿಲ್ಲುವವರಲ್ಲಿ ಅರವತ್ತು ದಾಟಿದ ಅಜ್ಜ-ಅಜ್ಜಿಯರೇ ಬಹಳ ಮಂದಿ. ಮಕ್ಕಳು ಹೊಲಕ್ಕೆ, ಕೆಲಸಕ್ಕೆ ಹೋದರೆ ದನದ ಹೊಣೆ ಇವರದೇ. ಇಂಥವರ ಒಂದು ಕಣ್ಣು ಹೋಯಿತೆಂದರೆ ಅರ್ಧ ಮನೆತನ ನಿಂತಂತೆ.

ಎಲ್ಲ ಕಣ್ಣಿನ ರೋಗಗಳ ಬಗ್ಗೆ ನಾನು ಮಾತನಾಡುವುದಿಲ್ಲ. ಒಂದೇ ಒಂದು ಸಂಗತಿ ಹೇಳುತ್ತೇನೆ. ನಿನ್ನೆಯವರೆಗೆ ಚೆನ್ನಾಗಿ ಕಾಣುತ್ತಿದ್ದ ಕಣ್ಣು ಇದ್ದಕ್ಕಿದ್ದಂತೆ ಕಾಣದಾಗುವುದು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ, ಹೊರಗಿನಿಂದ ನೋಡಿದವರಿಗೆ ಕಣ್ಣು ಮೊದಲಿನಂತೆಯೇ ಇದೆ. ಆದರೆ ದೃಷ್ಟಿ ಹೋಗಿದೆ. ಹೀಗಾದಾಗ ಏನು ಮಾಡಬೇಕು?

ನಮ್ಮ ಭಾಗದಲ್ಲಿ ವಯಸ್ಸಾದವರಿಗೆ ಕಣ್ಣು ಕಾಣದಿದ್ದರೆ ಎಲ್ಲರ ಬಾಯಲ್ಲೂ ಬರುವ ಮಾತು ‘ಪೊರೆ ಬಂದೈತಿ’ ಎಂಬುದು. ಇದಕ್ಕೆ ಕಾರಣವೂ ಇದೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಬಂದು ಶಿಬಿರ ನಡೆಸಿ, ಸಾಲಾಗಿ ಮಲಗಿಸಿ ಪೊರೆ ತೆಗೆದ ಕಾಲವನ್ನು ಇಲ್ಲಿರುವ ಹಿರಿಯರು ಕಂಡಿರಬಹುದು, ಇಲ್ಲವೇ ತಂದೆ-ತಾಯಿಗಳಿಂದ ಕೇಳಿರಬಹುದು. 2005ರಲ್ಲಿ ಅವರು ತೀರಿಕೊಳ್ಳುವವರೆಗೆ ಎಷ್ಟು ಬಡವರ ಮನೆಗೆ ಬೆಳಕು ತಂದರೆಂಬುದಕ್ಕೆ ಮಿತಿಯಿಲ್ಲ. ಅಂಥವರಿಂದಾಗಿ ಜನರಿಗೆ ಕಣ್ಣಿನ ಆಪರೇಷನ್ ಎಂದರೆ ಭಯ ಹೋಯಿತು. ಆದರೆ ಆ ಕಾಲದಿಂದ ಒಂದು ರೂಢಿಯೂ ಉಳಿದುಕೊಂಡಿತು. ಪೊರೆ ಬಲಿಯಲಿ, ಶಿಬಿರ ಬರಲಿ, ಸುಗ್ಗಿ ಮುಗಿಯಲಿ ಎಂದು ಕಾಯುವುದು. ಈಗ ಪೊರೆ ಬಲಿಯುವತನಕ ಕಾಯಬೇಕಾಗಿಯೂ ಇಲ್ಲ; ಆದರೂ ಪೊರೆ ಎರಡು ತಿಂಗಳು ಕಾದರೆ ಸಾಮಾನ್ಯವಾಗಿ ಹೆಚ್ಚು ಕೆಡುಕಾಗುವುದಿಲ್ಲ. ಅದು ವರ್ಷಗಟ್ಟಲೆ ಮೆಲ್ಲಗೆ ಮಂಜಾಗುವ ರೋಗ. ಒಂದು ರಾತ್ರಿಯಲ್ಲಿ, ಒಂದು ಗಳಿಗೆಯಲ್ಲಿ ಪೊರೆ ಬರುವುದಿಲ್ಲ. ಇದ್ದಕ್ಕಿದ್ದಂತೆ ಹೋದ ದೃಷ್ಟಿಗೆ ಪೊರೆ ಎಂದು ಹೆಸರಿಟ್ಟು ಕಾಯುವುದೇ ನಮ್ಮಲ್ಲಿ ಆಗುತ್ತಿರುವ ದೊಡ್ಡ ಅನಾಹುತ.

ರೋಗಿಗಳನ್ನು ‘ಯವ್ವಾ, ಯಾವತ್ತಿನಿಂದ ಕಾಣವಲ್ದು?’ ಎಂದು ಕೇಳಿದರೆ, ‘ಎಂಟ್ ದಿನಾ ಆತ್ರೀ ಸಾಹೇಬ್ರ, ನೋವು ಏನೂ ಇದ್ದಿಲ್ಲಲ್ರೀ, ಅದಕ್ಕ ಸುಮ್ಮನಿದ್ದೆ’ ಎಂಬ ಉತ್ತರ ಬರುತ್ತದೆ. ಕೆಲವರು ಹಾಲಿನ ಬಟವಾಡೆ ಆಗಲಿ ಎಂದು ಕಾದಿರುತ್ತಾರೆ. ಕೆಲವರು ಮಗ ಹುಬ್ಬಳ್ಳಿಯಿಂದ ಭಾನುವಾರ ಬರುತ್ತಾನೆಂದು ಕಾದಿರುತ್ತಾರೆ. ತಾಯಂದಿರಂತೂ ಮನೆಯಲ್ಲಿ ಹೇಳಿಯೇ ಇರುವುದಿಲ್ಲ. ಇನ್ನೊಂದು ಕಣ್ಣು ಕಾಣುತ್ತದೆಯಲ್ಲ, ಖರ್ಚು ಯಾಕೆ ಎಂಬ ಲೆಕ್ಕ. ಇಲ್ಲಿ ಒಂದು ಮಾತು ಹೇಳಿದರೆ ತಾವು ಬೇಸರ ಮಾಡಿಕೊಳ್ಳಬಾರದು. ಎಮ್ಮೆ ಹೊಟ್ಟೆಯುಬ್ಬಿ ಬಿದ್ದರೆ, ಕರು ಹಾಕಿದ ಆಕಳು ಏಳದೆ ಮಲಗಿದರೆ ನಡುರಾತ್ರಿಯಾದರೂ ಪಶು ವೈದ್ಯರ ಮನೆ ಬಾಗಿಲು ಬಡಿಯುತ್ತೀರಿ. ಬೆಳಗಾಗಲಿ ಎನ್ನುವುದಿಲ್ಲ. ಆ ಅವಸರ ಮನೆಯ ಅವ್ವನ ಕಣ್ಣಿಗೆ ಯಾಕಿಲ್ಲ?

ಈಗ ಒಳಗೆ ಆಗುವುದೇನೆಂದು ನೋಡೋಣ. ಕಣ್ಣಿನ ಹಿಂಭಾಗದಲ್ಲಿ ಒಂದು ತೆಳುವಾದ ಪರದೆಯಿದೆ. ಅಕ್ಷಿಪಟಲ ಎನ್ನುತ್ತಾರೆ. ಕಾಯಿಸಿದ ಹಾಲಿನ ಮೇಲಿನ ಕೆನೆಗಿಂತ ತೆಳು. ನಾವು ನೋಡುವುದೆಲ್ಲ ಮೊದಲು ಮೂಡುವುದು ಅದರ ಮೇಲೆ; ಅಲ್ಲಿಂದ ನರದ ಮೂಲಕ ಮೆದುಳಿಗೆ ಹೋಗುತ್ತದೆ. ಈ ಪರದೆಗೆ ರಕ್ತ ತರುವ ಒಂದು ಸಣ್ಣ ನಾಳ, ರಕ್ತ ಹೊರಗೊಯ್ಯುವ ಇನ್ನೊಂದು ನಾಳ ಇವೆ.

ಹನಿ ನೀರಾವರಿ ಮಾಡಿರುವವರಿಗೆ ಇದು ಬೇಗ ತಿಳಿಯುತ್ತದೆ. ಪೈಪಿನಲ್ಲಿ ಒಂದು ಹರಳು ಸಿಕ್ಕಿಕೊಂಡರೆ ಮುಂದಿನ ಗಿಡಗಳೆಲ್ಲ ಒಣಗುತ್ತವೆ. ಹಾಗೆಯೇ ಹೃದಯದಿಂದಾಗಲಿ, ಕುತ್ತಿಗೆಯ ದೊಡ್ಡ ರಕ್ತನಾಳದಿಂದಾಗಲಿ ಹೆಪ್ಪುಗಟ್ಟಿದ ರಕ್ತದ ಚೂರೋ ಕೊಬ್ಬಿನ ಚೂರೋ ಹರಿದು ಬಂದು ಕಣ್ಣಿನ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವೇ ಕ್ಷಣಗಳಲ್ಲಿ ಆ ಕಣ್ಣಿಗೆ ಕತ್ತಲೆ. ಬರ್ಲಿನ್ನಿನ ವೈದ್ಯ ಫಾನ್ ಗ್ರೇಫೆ ಇದನ್ನು 1859ರಲ್ಲಿಯೇ ವಿವರಿಸಿದ್ದರು. ಇಂದು ವೈದ್ಯರು ಇದನ್ನು ಕಣ್ಣಿನ ಲಕ್ವ ಎಂದೇ ಪರಿಗಣಿಸುತ್ತಾರೆ. ಮೆದುಳಿಗೆ ಲಕ್ವ ಹೊಡೆದಾಗ ಆಗುವುದೇ ಇಲ್ಲಿ ಕಣ್ಣಿಗೆ ಆಗಿದೆ.

ರಕ್ತವಿಲ್ಲದೆ ಈ ಪರದೆ ಬದುಕುವುದು ಬಹಳ ಕಡಿಮೆ ಹೊತ್ತು. ನಾಳ ಪೂರ್ತಿ ಕಟ್ಟಿದ್ದರೆ ಒಂದೂವರೆ ತಾಸಿನಿಂದ ನಾಲ್ಕು ತಾಸಿನೊಳಗೆ ಸರಿಪಡಿಸಲಾಗದಷ್ಟು ಹಾನಿಯಾಗುತ್ತದೆ. ಹಿಂಡಿದ ಹಾಲನ್ನು ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಟ್ಟು ತಂದರೆ ಡೇರಿಯಲ್ಲಿ ತೆಗೆದುಕೊಳ್ಳುತ್ತಾರೆಯೇ? ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ನಾಲ್ಕೂವರೆ ತಾಸಿನೊಳಗೆ ಬಂದ ಆಯ್ದ ರೋಗಿಗಳಿಗೆ ಕೊಡುವುದುಂಟು. ಅದರಿಂದ ಎಲ್ಲರಿಗೂ ದೃಷ್ಟಿ ಮರಳುತ್ತದೆಂದು ನಾನು ಹೇಳಲಾರೆ. ಹಾಗೆಂದು ಇನ್ನೂ ಸಿದ್ಧವಾಗಿಲ್ಲ. ಬಹಳ ಮಂದಿಗೆ ಆ ಕಣ್ಣು ಮರಳುವುದಿಲ್ಲ.

ಹಾಗಾದರೆ ಓಡಿ ಏನು ಪ್ರಯೋಜನ ಎಂದು ಕೇಳುತ್ತೀರಿ. ನನ್ನ ಇಡೀ ಉಪನ್ಯಾಸದಲ್ಲಿ ಮುಖ್ಯವಾದದ್ದು ಇದೇ. ಕಣ್ಣಿನ ನಾಳ ಕಟ್ಟಿದ ವ್ಯಕ್ತಿಗೆ ಮುಂದಿನ ದಿನಗಳಲ್ಲಿ, ಮುಖ್ಯವಾಗಿ ಮೊದಲ ಒಂದೆರಡು ವಾರಗಳಲ್ಲಿ, ಮೆದುಳಿಗೇ ಲಕ್ವ ಹೊಡೆಯುವ ಅಪಾಯ ಬಹಳ ಹೆಚ್ಚು. ಇಂದು ಕಣ್ಣಿಗೆ ಬಂದ ಚೂರು ನಾಳೆ ಮೆದುಳಿಗೆ ಹೋಗಬಹುದು. ಅಂದೇ ಆಸ್ಪತ್ರೆಗೆ ಹೋದರೆ ಬಿ.ಪಿ., ಸಕ್ಕರೆ, ಇ.ಸಿ.ಜಿ., ಕುತ್ತಿಗೆಯ ರಕ್ತನಾಳದ ಸ್ಕ್ಯಾನ್, ತಲೆಯ ಸ್ಕ್ಯಾನ್ ಮಾಡಿ, ಹೆಪ್ಪು ಎಲ್ಲಿಂದ ಬಂತೆಂದು ಹುಡುಕಿ ಅದಕ್ಕೆ ಔಷಧ ಶುರು ಮಾಡುತ್ತಾರೆ. ಕಣ್ಣು ಉಳಿಯದಿದ್ದರೂ ಕೈಕಾಲು ಉಳಿಯುತ್ತವೆ, ಮಾತು ಉಳಿಯುತ್ತದೆ, ಜೀವ ಉಳಿಯುತ್ತದೆ. ಆದ್ದರಿಂದ ಇಂಥವರನ್ನು ಬರೀ ಕನ್ನಡಕದ ಅಂಗಡಿಗೆ ಕರೆದೊಯ್ದು ತೋರಿಸಿ ತಿರುಗಿ ಬರುವುದು ತರವಲ್ಲ. ಸ್ಕ್ಯಾನ್ ಇರುವ, ಕಣ್ಣಿನ ವೈದ್ಯರೂ ಫಿಜಿಷಿಯನ್‌ರೂ ಇರುವ ಆಸ್ಪತ್ರೆ ಬೇಕು.

ಕೆಲವರಿಗೆ ದೇವರು ಮುನ್ಸೂಚನೆ ಕೊಡುತ್ತಾನೆ. ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲಾಗಿ ಐದು ಹತ್ತು ನಿಮಿಷದಲ್ಲಿ ಮತ್ತೆ ಸ್ವಚ್ಛವಾಗಿ ಕಾಣುತ್ತದೆ. ‘ನಿತ್ರಾಣ ಆಗಿತ್ತು, ಚಹಾ ಕುಡಿದ ಮೇಲೆ ಸರಿ ಹೋತು’ ಎಂದು ಮರೆತುಬಿಡುತ್ತಾರೆ. ಅದು ಸರಿ ಹೋದದ್ದಲ್ಲ. ಚೂರು ಬಂದು ಸಿಕ್ಕು, ಜರುಗಿ ಮುಂದೆ ಹೋಗಿರಬಹುದು. ಕಣ್ಣು ಮರಳಿ ಕಂಡರೂ ಅಂದೇ ಹೋಗಬೇಕು. ಚಿಕಿತ್ಸೆಯಿಂದ ಅತಿ ಹೆಚ್ಚು ಲಾಭ ಪಡೆಯುವವರು ಇವರೇ.

ಇನ್ನು ರಕ್ತ ಹೊರಗೊಯ್ಯುವ ನಾಳ ಕಟ್ಟಿದರೆ ಬೇರೆ ಸ್ಥಿತಿ. ಬಸಿಗಾಲುವೆ ಮುಚ್ಚಿದ ಹೊಲ ಜೌಗಾಗುವಂತೆ ಪರದೆಯೊಳಗೆ ರಕ್ತ, ನೀರು ತುಂಬಿ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ಬೆಳಗ್ಗೆ ಎದ್ದಾಗ ಒಂದು ಕಣ್ಣು ಮಬ್ಬಾಗಿರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಇದಕ್ಕೆ ಈಗ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದಿದೆ, ಲೇಸರ್ ಇದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕೆಲವು ತಿಂಗಳು ತಿರುಗಾಡಬೇಕು. ಆದರೆ ಎಷ್ಟೋ ಜನರಿಗೆ ಉಪಯುಕ್ತ ದೃಷ್ಟಿ ಉಳಿದಿದೆ. ಕಣ್ಣಿಗೆ ಚುಚ್ಚುಮದ್ದು ಎಂದ ಕೂಡಲೇ ಎದ್ದು ಹೋಗಬೇಡಿ. ಹನಿ ಹಾಕಿ ಮರಗಟ್ಟಿಸಿಯೇ ಕೊಡುತ್ತಾರೆ.

ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇರುವವರಿಗೆ ಕಣ್ಣಿನೊಳಗೆ ಹೊಸ, ಮೆತ್ತನೆಯ ರಕ್ತನಾಳಗಳು ಬೆಳೆದು ಒಡೆಯುತ್ತವೆ. ಆಗ ಜೇಡರ ಬಲೆ, ಹೊಗೆ, ಕರಿ ನೂಲು ತೇಲಿದಂತೆ ಕಂಡು ಕೆಲವು ತಾಸಿನಲ್ಲಿ ಎಲ್ಲವೂ ಕೆಂಪು ಇಲ್ಲವೇ ಕಪ್ಪಾಗುತ್ತದೆ. ಇಂಥವರು ಭಾರ ಎತ್ತಬಾರದು, ಬಗ್ಗಿ ಕೆಲಸ ಮಾಡಬಾರದು. ಹಾಲಿನ ಕ್ಯಾನು ಮುಟ್ಟುವುದೇ ಬೇಡ. ಕುಳಿತೇ ಪ್ರಯಾಣ ಮಾಡಿಸಿ, ಮಲಗುವಾಗ ತಲೆಗೆ ಎರಡು ಮೂರು ದಿಂಬು ಇಡಿ.

ಪರದೆಯೇ ಹರಿದು ಕಳಚಿಕೊಳ್ಳುವುದು ಇನ್ನೊಂದು. ತೇವ ಹಿಡಿದ ಗೋಡೆಯಿಂದ ಅಂಟಿಸಿದ ಕಾಗದ ಬಿಟ್ಟುಕೊಂಡಂತೆ. ಹತ್ತಿರದ್ದು ಮಾತ್ರ ಕಾಣುವ ದೋಷಕ್ಕೆ ದಪ್ಪ ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರು, ಹಿಂದೆ ಕಣ್ಣಿಗೆ ಪೆಟ್ಟು ಬಿದ್ದವರು ಇದರ ಬಗ್ಗೆ ಎಚ್ಚರವಾಗಿರಬೇಕು. ದನದ ಕೊಂಬು ತಗುಲಿದ ಕಣ್ಣಿಗೆ ತಿಂಗಳುಗಳ ಮೇಲೂ ಹೀಗಾಗಬಹುದು. ಮೊದಲು ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದಂತೆ, ಒಮ್ಮೆಲೇ ಕರಿ ಚುಕ್ಕೆಗಳು ಉದುರಿದಂತೆ ಕಾಣುತ್ತದೆ. ಆಮೇಲೆ ಒಂದು ಬದಿಯಿಂದ ಕರಿ ಪರದೆ ಸರಿಯುತ್ತ ಬರುತ್ತದೆ. ನಡುವಿನ ದೃಷ್ಟಿ ಇನ್ನೂ ಉಳಿದಿರುವಾಗಲೇ ಆಪರೇಷನ್ ಮಾಡಿಸಿದರೆ ಫಲ ಬಹಳ ಚೆನ್ನಾಗಿರುತ್ತದೆ. ಪರದೆ ಪೂರ್ತಿ ಸರಿದ ಮೇಲೆ ಬಂದವರಿಗೆ ಅಷ್ಟು ಸಿಗುವುದಿಲ್ಲ. ಒಂದೆರಡು ದಿನಗಳ ವ್ಯತ್ಯಾಸ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಅಪರೂಪವಾದರೂ ಮರೆಯಬಾರದ ಒಂದು ರೋಗ ಹೇಳಿ ಮುಂದೆ ಹೋಗುತ್ತೇನೆ. ಹಿರಿಯರಿಗೆ ಕೆಲವು ವಾರಗಳಿಂದ ಕಣತಲೆಯಲ್ಲಿ ಹೊಸ ನೋವು, ಬಾಚಣಿಕೆ ತಾಗಿದರೆ ತಲೆ ನೋವು, ರೊಟ್ಟಿ ಅಗಿಯುವಾಗ ದವಡೆ ಸೋತು ನೋಯುವುದು, ಮೈ ಬಿಸಿ, ತೂಕ ಇಳಿಯುವುದು, ಇವುಗಳ ಜೊತೆ ಒಂದು ಕಣ್ಣು ಹೋದರೆ ಅದು ರಕ್ತನಾಳಗಳ ಉರಿಯೂತ ಆಗಿರಬಹುದು. ಕಣ್ಣಿಗೆ ನೋವಿರುವುದಿಲ್ಲ, ತಲೆಗಿರುತ್ತದೆ. ಇದರಲ್ಲಿ ಇನ್ನೊಂದು ಕಣ್ಣೂ ಕೆಲವೇ ದಿನಗಳಲ್ಲಿ ಹೋಗಬಹುದು. ರಕ್ತ ಪರೀಕ್ಷೆಗೆ ಕೊಟ್ಟು, ವರದಿಗೆ ಕಾಯದೆ ವೈದ್ಯರು ಸ್ಟಿರಾಯ್ಡ್ ಶುರು ಮಾಡುತ್ತಾರೆ. ಈ ದವಡೆ ನೋವಿನ ಮಾತನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಎರಡೂ ಕಣ್ಣಿಗೆ ಒಂದೇ ಬದಿ ಕಾಣದಾದರೆ ದೋಷ ಕಣ್ಣಿನಲ್ಲಿಲ್ಲ, ಮೆದುಳಿನಲ್ಲಿದೆ. ಅಜ್ಜ ಬಾಗಿಲ ಚೌಕಟ್ಟಿಗೆ ಯಾವಾಗಲೂ ಎಡಗಡೆಯೇ ಹಾಯುತ್ತಾನೆ, ತಾಟಿನ ಎಡಗಡೆಯ ಪಲ್ಯ ಮುಟ್ಟದೆ ಏಳುತ್ತಾನೆ ಎಂದರೆ ಅನುಮಾನ ಪಡಬೇಕು. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಜೊತೆಗಿದ್ದರೆ ಒಂದು ನಿಮಿಷವೂ ತಡಮಾಡದೆ 108ಕ್ಕೆ ಫೋನ್ ಮಾಡಿ.

ಕುಡಿಯುವವರ ವಿಷಯವನ್ನೂ ಹೇಳಬೇಕಾಗಿದೆ. ಕಳ್ಳಬಟ್ಟಿಯಲ್ಲಿ ಮೆಥನಾಲ್ ಎಂಬ ವಿಷ ಸೇರಿದ್ದರೆ ಕುಡಿದ ಒಂದೆರಡು ದಿನದೊಳಗೆ ಎರಡೂ ಕಣ್ಣು ಮಂಜಾಗುತ್ತವೆ. ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಮರು ವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಭಾಗದಲ್ಲಿ ಮತ್ತು ಗಡಿಯಾಚೆ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಕುಡಿದ ವಿಷಯವನ್ನು ವೈದ್ಯರ ಮುಂದೆ ಮುಚ್ಚಿಟ್ಟರೆ ಜೀವಕ್ಕೇ ಮುಳುವು.

ಬ್ಯಾಡಗಿ ಕಡೆಯವರಿಗೆ ಒಂದು ಮಾತು. ಮೆಣಸಿನಕಾಯಿ ಸುಗ್ಗಿಯಲ್ಲಿ ತೊಟ್ಟು ಬಿಡಿಸುವ, ಚೀಲ ತುಂಬುವ ತಾಯಂದಿರು ಕಣ್ಣಿಗೆ ಏನಾದರೂ ಖಾರದ ಘಾಟು ಎಂದುಕೊಳ್ಳುತ್ತಾರೆ. ಖಾರ ತಾಗಿದರೆ ಉರಿ ಇರುತ್ತದೆ, ಕೆಂಪಾಗುತ್ತದೆ, ನೀರು ಸುರಿಯುತ್ತದೆ. ತಣ್ಣೀರಿನಿಂದ ತೊಳೆದರೆ ಇಳಿಯುತ್ತದೆ. ಉರಿಯೇ ಇಲ್ಲದೆ ಕಣ್ಣು ಕಾಣದಿದ್ದರೆ ಅದಕ್ಕೂ ಮೆಣಸಿನಕಾಯಿಗೂ ಸಂಬಂಧವಿಲ್ಲ. ರಾಣೆಬೆನ್ನೂರು ಭಾಗದಲ್ಲಿ ಬೀಜೋತ್ಪಾದನೆಯ ಹೊಲಗಳಲ್ಲಿ ಚಿಮುಟ ಹಿಡಿದು ಹೂವು ಬಿಡಿಸುವ ಹೆಣ್ಣುಮಕ್ಕಳು ‘ಸಣ್ಣ ಕೆಲಸ ಮಾಡಿ ಕಣ್ಣು ಸೋತಾವು’ ಎನ್ನುತ್ತಾರೆ. ಸೋತ ಕಣ್ಣು ಎರಡೂ ಸೋಲುತ್ತವೆ, ರಾತ್ರಿ ನಿದ್ದೆಯಾದರೆ ಸುಧಾರಿಸುತ್ತವೆ. ಒಂದೇ ಕಣ್ಣು ಒಮ್ಮೆಲೇ ಹೋದರೆ ಅದು ದಣಿವಲ್ಲ.

ಒಂದು ಕಣ್ಣು ಹೋದದ್ದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ಇನ್ನೊಂದು ಕಣ್ಣು ಮುಚ್ಚಿ ಹಾಕುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆ ಡೇರಿಯ ಸರದಿಯಲ್ಲಿ ನಿಂತಾಗ ಒಂದು ಪರೀಕ್ಷೆ ಮಾಡಿಕೊಳ್ಳಿ. ಕನ್ನಡಕ ಇದ್ದರೆ ಹಾಕಿಕೊಂಡು, ಒಂದು ಅಂಗೈಯಿಂದ ಒತ್ತದೆ ಒಂದು ಕಣ್ಣು ಮುಚ್ಚಿ ಸಂಘದ ನಾಮಫಲಕ ನೋಡಿ. ಆಮೇಲೆ ಇನ್ನೊಂದು ಕಣ್ಣು. ಅಕ್ಷರ ಮೊದಲಿನಂತೆ ಕಾಣುತ್ತವೆಯೇ? ಬಾಗಿಲ ಚೌಕಟ್ಟು ನೆಟ್ಟಗಿದೆಯೇ, ಬಾಗಿದಂತಿದೆಯೇ? ಯಾವುದಾದರೂ ಮೂಲೆ ಮಾಯವಾಗಿದೆಯೇ? ಅಕ್ಷರ ಬಾರದವರು ಎದುರಿನ ಮನೆಯ ಕಿಟಕಿಯ ಸರಳು ಎಣಿಸಿದರೂ ಸಾಕು. ಕಾರ್ಯದರ್ಶಿಗಳು ಇದನ್ನು ನೆನಪಿಸಿದರೆ ದೊಡ್ಡ ಉಪಕಾರ. ಫ್ಯಾಟು ನೋಡುವಷ್ಟು ಹೊತ್ತೂ ಬೇಡ.

ಈಗ ದೃಷ್ಟಿ ಹೋಗಿದೆ ಎಂದುಕೊಳ್ಳಿ. ಮೊದಲು ಗಡಿಯಾರ ನೋಡಿ. ಕೊನೆಯ ಸಲ ಚೆನ್ನಾಗಿ ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಳ್ಳಿ. ಚಿಕಿತ್ಸೆಯ ತೀರ್ಮಾನ ಅದರ ಮೇಲೆ ನಿಂತಿದೆ. ಹರಳೆಣ್ಣೆ, ಜೇನುತುಪ್ಪ, ಎಲೆಯ ರಸ, ಎದೆಹಾಲು, ಮನೆಯಲ್ಲಿರುವ ಹಳೆಯ ಹನಿ ಔಷಧ ಯಾವುದನ್ನೂ ಹಾಕಬೇಡಿ. ತಿಕ್ಕಬೇಡಿ. ರಕ್ತ ತೆಳುವಾಗುವ ಗುಳಿಗೆಯನ್ನು ಅಂಗಡಿಯಿಂದ ತಂದು ನುಂಗಿಸಬೇಡಿ. ಒಳಗೆ ರಕ್ತ ಸೋರಿದ್ದರೆ ಅಪಾಯ. ಈಗಾಗಲೇ ಹೃದಯಕ್ಕೆ, ಬಿ.ಪಿ.ಗೆ ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ಗುಳಿಗೆಗಳ ಚೀಟಿ, ಹಳೆಯ ವರದಿ ಚೀಲದಲ್ಲಿ ಹಾಕಿಕೊಂಡು ಹೊರಡಿ. ರೋಗಿ ತಾನೇ ಬೈಕು ಹೊಡೆದುಕೊಂಡು ಹೋಗಬಾರದು.

ಎಲ್ಲಿಗೆ ಹೋಗಬೇಕು? ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ರಾಣೆಬೆನ್ನೂರು, ಬ್ಯಾಡಗಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿ ಬಿ.ಪಿ., ಸಕ್ಕರೆ, ಇ.ಸಿ.ಜಿ. ನೋಡಿ ಮುಂದೆ ಕಳಿಸುತ್ತಾರೆ. ಅಕ್ಷಿಪಟಲದ ತಜ್ಞರು ಬೇಕೆಂದರೆ ಹಾವೇರಿ ಕಡೆಯವರಿಗೆ ಹುಬ್ಬಳ್ಳಿ, ರಾಣೆಬೆನ್ನೂರಿನವರಿಗೆ ದಾವಣಗೆರೆ ಹತ್ತಿರ. ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದು ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಎಂ.ಎಂ. ಜೋಶಿ ಕಣ್ಣಿನ ಆಸ್ಪತ್ರೆಯಿದೆ. ದಾವಣಗೆರೆಯಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಬ್ಯಾಡಗಿಯವರು ಮೋಟೆಬೆನ್ನೂರಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದರೆ ಎರಡೂ ಕಡೆಗೆ ದಾರಿ ಇದೆ. ಕ್ಷಣದಲ್ಲಿ ಕತ್ತಲಾದ ಕಣ್ಣಿಗೆ, ಅರ್ಧ ನೋಟ ಹೋದವರಿಗೆ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆ. ಮಿಂಚು, ಕರಿ ಚುಕ್ಕೆ, ಸರಿಯುವ ಪರದೆ ಇದ್ದರೆ ಕಣ್ಣಿನ ಆಸ್ಪತ್ರೆ. ಯಾವುದೆಂದು ತಿಳಿಯದಿದ್ದರೆ ದೊಡ್ಡ ಆಸ್ಪತ್ರೆಗೇ ಹೋಗಿ. ಹೊರಡುವ ಮುಂಚೆ ಒಂದು ಫೋನ್ ಮಾಡಿ ವೈದ್ಯರಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿಯೊಂದಿಗೆ ಮಂಜಾಗುವುದು ಬೇರೆ ರೋಗ. ಅದೂ ಅಂದೇ ತೋರಿಸಬೇಕಾದದ್ದೇ.

ಉಪನ್ಯಾಸದ ನಂತರ ಸದಸ್ಯರು ಕೇಳಿದ ಕೆಲವು ಪ್ರಶ್ನೆಗಳು:

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ, ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದರೂ ತೋರಿಸಬೇಕೆ?

ಉತ್ತರ: ತೋರಿಸಬೇಕು, ವರ್ಷಕ್ಕೊಮ್ಮೆ. ಫಲಕದ ಕೊನೆಯ ಸಾಲು ಓದಿದರೂ ಒಳಗೆ ಪರದೆ ಕೆಟ್ಟಿರಬಹುದು. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಅಂದು ಕೆಲವು ತಾಸು ಮಬ್ಬಾಗಿರುತ್ತದೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ಆಕಳ ಹಸಿ ಹಾಲು ಕಣ್ಣಿಗೆ ತಂಪು ಎನ್ನುತ್ತಾರಲ್ಲ?

ಉತ್ತರ: ಹಾಲು ಕುಡಿಯಲಿಕ್ಕೆ, ಡೇರಿಗೆ ಹಾಕಲಿಕ್ಕೆ. ಹಸಿ ಹಾಲಿನಲ್ಲಿರುವ ರೋಗಾಣುಗಳು ಕಣ್ಣಿಗೆ ಹುಣ್ಣು ತರಬಹುದು.

ಪ್ರಶ್ನೆ: ಕೈಯಲ್ಲಿ ದುಡ್ಡಿಲ್ಲದಿದ್ದರೆ?

ಉತ್ತರ: ಇದು ಸರಿಯಾದ ಪ್ರಶ್ನೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಜಾರಿಗೆ ಬಂದಿದೆ. ಹಾಲು ಸಂಘದ ಸದಸ್ಯರೂ ಸೇರಬಹುದು. ನೋಂದಣಿಗೆ ಕಾಲಾವಕಾಶ ಇರುತ್ತದೆ, ಕಾಯಿಲೆ ಬಂದ ಮೇಲೆ ಓಡಿದರೆ ಆಗದು. ಯಾವ ಚಿಕಿತ್ಸೆಗೆ, ಯಾವ ಆಸ್ಪತ್ರೆಯಲ್ಲಿ ಅನ್ವಯಿಸುತ್ತದೆಂದು ನಿಮ್ಮ ಕಾರ್ಯದರ್ಶಿಗಳಲ್ಲಿ ಈಗಲೇ ವಿಚಾರಿಸಿಟ್ಟುಕೊಳ್ಳಿ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಕಾರ್ಡು ಮನೆಯಲ್ಲಿ ಸಿಗಲಿಲ್ಲವೆಂದರೆ ಹುಡುಕುತ್ತ ಕೂರಬೇಡಿ. ರೋಗಿಯನ್ನು ಮೊದಲು ಕಳಿಸಿ, ಕಾರ್ಡನ್ನು ಹಿಂದಿನಿಂದ ಒಬ್ಬರು ತರಲಿ.